ಹದಿನೆಂಟು ಪೌಂಡು ಗಾಳಿ

ಶಹಾಬುದ್ದೀನ್ ಸಾಬರು ಆ ನಾಲ್ಕು ಚಕ್ರಗಳನ್ನು ಮುಟ್ಟಲೂ ಇಲ್ಲ. ಅವರ ಟೈರ್ ಅಂಗಡಿಯ ಮುಂದೆ ನಾನೇ ಸಾಲಾಗಿ ಒರಗಿಸಿದ್ದೆ. ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಕೈ ಇಳಿಸಿದರು, ಒಳಗೆ ಹೋಗಿ ಯಾರದೋ ಟ್ರಾಕ್ಟರಿನ ಟ್ಯೂಬಿಗೆ ಪ್ಯಾಚು ಹಾಕುತ್ತ ಕೂತುಬಿಟ್ಟರು.

"ಸಾಬರೇ, ನಿಮಗೇ ಹೇಳ್ತಿರೋದು" ಅಂದೆ.

"ಕೇಳುಸ್ತು ಟೀಚರಮ್ಮ. ಮದ್ವೆ ದಿಬ್ಬಣದ ಗಾಡಿಗಾದ್ರೆ ಈಗ್ಲೇ ಹಾಕ್ಕೊಡ್ತೀನಿ. ಮರಳುಗಾಡ್ಗೆ ಓಯ್ತೀನಿ ಅಂದ್ರೆ ನಾನು ಹಾಕಕಿಲ್ಲ."

ನನಗೆ ಕೋಪ ಬಂತು. ನನಗೆ ಕೋಪ ಬರುವುದು ನಾಗಮಂಗಲದಲ್ಲಿ ಹೊಸ ಸುದ್ದಿಯೇನಲ್ಲ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿರುವ ವನಮಾಲಾ ಟೀಚರ್ ಅಂದರೆ, ಪಾಠ ಮರೆತವರಿಗೂ ನನ್ನ ಬೈಗುಳ ನೆನಪಿದೆ. ಸಾಬರ ಮಗಳು ಇಫ್ಫತ್ ನನ್ನ ಕೈಕೆಳಗೇ ಕಲಿತವಳು, ಅವಳನ್ನು ಕೇಳಿದರೂ ಹೇಳುತ್ತಾಳೆ. ಆದರೆ ಅವತ್ತಿನ ಕೋಪಕ್ಕೆ ಕಾರಣವಿತ್ತು. ಮರಳಿನ ಪರೀಕ್ಷೆಗೆ ನನಗೆ ಉಳಿದಿದ್ದದ್ದು ಹದಿನಾರು ದಿನ.

ವಿಷಯ ಇಷ್ಟು. ಪ್ರತಿವರ್ಷ ಭಾರತದ ನಕ್ಷೆ ಬರೆದು ಅದರ ಎಡಮೂಲೆಯಲ್ಲಿ ಹಳದಿ ಸೀಮೆಸುಣ್ಣದಿಂದ ಚುಕ್ಕಿ ಇಟ್ಟು 'ಮರುಭೂಮಿ' ಅಂತ ಬರೆಯುವವಳು ನಾನು. ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಒಬ್ಬಳು ಎದ್ದು ನಿಂತು, "ಮಿಸ್, ಮರಳು ಬೆಳಿಗ್ಗೆ ಒತ್ತು ತಣ್ಣಗಿರ್ತದಾ?" ಅಂದಳು. ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿರುವುದನ್ನು ಹೇಳಿದೆ, ಅವಳು ತಲೆಯಾಡಿಸಿ ಕೂತಳು. ಆದರೆ ನಾಚಿಕೆ ನನ್ನನ್ನು ಬಿಡಲಿಲ್ಲ. ಅದೇ ಬೇಸಿಗೆಯಲ್ಲಿ ಹರಾಜಿನಲ್ಲಿ ಒಂದು ಹಳೇ ಜಿಪ್ಸಿ ಹಿಡಿದೆ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಹೋಗುವ ಗಾಡಿ, ಬಣ್ಣ ಹೋಗಿತ್ತು, ಹುರುಪು ಹೋಗಿರಲಿಲ್ಲ. ಶ್ರೀರಂಗಪಟ್ಟಣದ ದೇವಸ್ಥಾನದ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಸುಧೀಂದ್ರ ಅದನ್ನು ಒಂದು ಸುತ್ತು ಹಾಕಿ ನೋಡಿ, "ಪಕ್ಕದಲ್ಲಿ ಮಾತ್ರ ನನ್ನನ್ನು ಕೂರಿಸಬೇಡ" ಅಂದರು. ಬೇಡವೆಂದವರನ್ನು ಕೂರಿಸುವ ಹಂಬಲ ನನಗೂ ಇರಲಿಲ್ಲ.

ಮೈಸೂರಿನ ಪ್ರಜ್ಞ ಎಂಬ ಹುಡುಗಿ ಪ್ರತಿ ಜನವರಿಯಲ್ಲಿ ಐದು ಜಿಪ್ಸಿಗಳನ್ನು ಸಾಲುಕಟ್ಟಿ ಜೈಸಲ್ಮೇರಿನ ಆಚೆ ಕರೆದೊಯ್ಯುತ್ತಾಳೆ. ನಾಲ್ಕು ದಿನ ರಸ್ತೆಯಿಲ್ಲ, ಊರಿಲ್ಲ, ಪಂಚರ್ ಅಂಗಡಿಯಂತೂ ಇಲ್ಲವೇ ಇಲ್ಲ. ಈ ಸಲ ನಾಲ್ಕು ಗಾಡಿ ಹಳಬರವು, ಐದನೆಯ ಜಾಗಕ್ಕೆ ನಾನೂ ಮತ್ತೊಬ್ಬರೂ ಕೇಳಿದ್ದೆವು. ಪ್ರಜ್ಞ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: "ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ ಮರಳಲ್ಲಿ ಗಾಡಿ ಓಡಿಸಿ ತೋರಿಸಿ ಮೇಡಂ. ದಾಟಿದರೆ ಜಾಗ ನಿಮ್ಮದು. ಹೂತುಕೊಂಡು ಬೇರೆ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡರೆ ಅವರದು. ಅದಕ್ಕಿಂತ ಮೊದಲು ಚಕ್ರ ಸರಿಮಾಡಿಸಿ, ಈಗಿರೋವು ಆಗಲ್ಲ."

ಚಕ್ರ ಸರಿಮಾಡಿಸಲು ನನ್ನ ಅಣ್ಣನ ಮಗ ವಿನಯ್ ಮುಂದೆ ಬಂದ. ಮಂಡ್ಯದಿಂದ ಈ ಹೊಳೆಯುವ ಅಲಾಯ್ ಚಕ್ರಗಳನ್ನು ತಂದು, "ಅತ್ತೆ, ಇವನ್ನ ಹಾಕಿದ್ರೆ ನಿನ್ನ ಜಿಪ್ಸಿ ಸಿನಿಮಾ ಗಾಡಿ ಥರ ಕಾಣ್ತದೆ" ಅಂದ. ದೊಡ್ಡ ಡಿಸ್ಕು, ಅದರ ಸುತ್ತ ಅಗಲವಾದ, ಎತ್ತರವೇ ಇಲ್ಲದ ಟೈರು. ಸುಳ್ಳು ಯಾಕೆ, ನಾನೂ ಮರುಳಾಗಿದ್ದೆ. ನಲವತ್ತೊಂಬತ್ತಕ್ಕೆ ಸಿನಿಮಾ ಗಾಡಿ ಬೇಡ ಅನ್ನುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ನಾನು ಕದಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಸಾಬರು ಎದ್ದು ಬಂದರು. ಮೂಲೆಯಿಂದ ಒಂದು ಕಬ್ಬಿಣದ ಡಿಸ್ಕು ಎಳೆದರು. ಯಾವುದೋ ಗುಂಡಿಗೆ ಬಿದ್ದು ಅದರ ಅಂಚು ಸೊಟ್ಟಗಾಗಿತ್ತು. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ಹಾಕಿದರು, ಅಂಚು ನೆಟ್ಟಗಾಯಿತು. ಆಮೇಲೆ ಅದೇ ಸುತ್ತಿಗೆಯನ್ನು ನನ್ನ ಅಲಾಯ್ ಮೇಲೆ ಎತ್ತಿ, "ಈ ಬೆಳ್ಳಿ ತಟ್ಟೆಗೂ ಒಂದು ಆಕ್ಲಾ?" ಅಂದರು.

ನಾನು ಥಟ್ಟನೆ ಕೈ ಅಡ್ಡ ಹಿಡಿದೆ.

"ನೋಡಿ, ನಿಮ್ಗೇ ಧೈರ್ಯ ಇಲ್ಲ. ಕಬ್ಬುಣ ಬಗ್ಗುತದೆ, ಬಡುದ್ರೆ ಸರಿಯಾಯ್ತದೆ. ಇದು ಬಿರುಕು ಬಿಡ್ತದೆ, ಬುಟ್ರೆ ಮುಗೀತು. ಇನ್ನೊಂದು ಯೋಳಿ, ಮಿಕ್ಕ ನಾಕು ಗಾಡಿವು ಯಾವ ಡಿಸ್ಕು?"

"ಹದಿನೈದು ಇಂಚಿಂದು."

"ನಿಮ್ದು ಹದಿನೇಳು. ಅಲ್ಲಿ ನಿಮ್ ಟೈರು ಸೀಳೋದ್ರೆ ಅವ್ರ ಟೈರು ನಿಮ್ಮುದುಕ್ಕೆ ಕೂರಕಿಲ್ಲ, ನಿಮ್ದು ಅವ್ರುದುಕ್ಕೆ ಕೂರಕಿಲ್ಲ. ಪಂಕ್ತೀಲಿ ಕೂತು ಒಬ್ರೇ ಬೇರೆ ಅಡುಗೆ ಕೇಳ್ದಂಗೆ ಅದು."

ಮಾತು ಸರಿಯಿತ್ತು. ಸರಿಯಾದ ಮಾತು ಕೇಳಿದಾಗ ಒಪ್ಪಿಕೊಳ್ಳಲು ನನಗೆ ಒಂದು ಲೋಟ ಕಾಫಿಯಷ್ಟು ಹೊತ್ತು ಬೇಕು. ಕುಡಿದು ಬಂದು, "ಸರಿ, ಕಬ್ಬಿಣದ್ದೇ ಹಾಕಿ. ಆದರೆ ಟೈರು ನಾನು ಆರಿಸ್ತೀನಿ" ಅಂದೆ.

ಆರಿಸಿದೆ. ಇದ್ದದ್ದರಲ್ಲಿ ಅತಿ ಭಯಂಕರವಾದದ್ದನ್ನೇ ಆರಿಸಿದೆ. ಹೆಬ್ಬೆರಳಿಗಿಂತ ದಪ್ಪ ಹಲ್ಲುಗಳಿದ್ದ, ಕೆಸರಿಗೆಂದೇ ಮಾಡಿದ ಟೈರು, ಯಾರೋ ಬಿಚ್ಚಿಸಿ ಬಿಟ್ಟುಹೋಗಿದ್ದು. ನೋಡಿದರೇ ಮರಳು ಹೆದರಿ ದಾರಿ ಬಿಡಬೇಕು ಅನ್ನಿಸುವಂತಿತ್ತು. ಸಾಬರು ಈ ಸಲ ಜಗಳಕ್ಕೆ ಬರಲಿಲ್ಲ. ಜಿಪ್ಸಿಗೆ ಅವನ್ನೇ ಹಾಕಿಕೊಟ್ಟು, "ಪಾಂಡವಪುರದ್ ಗಂಟ ಓಗ್ಬನ್ನಿ. ಆಮೇಲ್ ಮಾತಾಡವ" ಅಂದರು.

ಅದು ರಾಗಿ ಒಕ್ಕಣೆಯ ಕಾಲ. ನಮ್ಮ ಕಡೆ ಕಣ ಮಾಡುವವರು ಕಡಿಮೆಯಾಗಿ ರಸ್ತೆಯೇ ಕಣವಾಗಿದೆ. ತೆನೆ ತಂದು ಡಾಂಬರಿನ ಮೇಲೆ ಹರಡಿದರೆ ಬಸ್ಸು, ಲಾರಿಗಳು ತುಳಿದು ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಊರು ಬಿಟ್ಟು ಎಂಟು ಮೈಲಿ ಹೋಗುವಷ್ಟರಲ್ಲಿ ಅಂಥ ಒಂದು ಹಾಸು ಎದುರಾಯಿತು. ಗುಂಯ್ಯೆನ್ನುವ ಸದ್ದು ಮಾಡಿಕೊಂಡು, ಹೆಮ್ಮೆಯಿಂದ, ಅದರ ಮೇಲೆ ಹಾಯಿಸಿದೆ. ಹಿಂದಿನಿಂದ ಒಬ್ಬ ಹೆಂಗಸು ಪೊರಕೆ ಎತ್ತಿಕೊಂಡು ಓಡಿಬಂದಳು. ಪುಟ್ಟತಾಯಮ್ಮ ಅಂತ, ಹೆಸರು ಆಮೇಲೆ ಗೊತ್ತಾಯಿತು.

"ನಿಲ್ಸವ್ವ ಗಾಡಿಯ. ನಮ್ ರಾಗಿಗೆ ಕಲ್ ಸುರಿಯಕ್ ಬಂದಿದ್ದೀಯಾ?"

ಇಳಿದು ನೋಡಿದೆ. ಹಲ್ಲುಗಳ ಸಂದಿಯಲ್ಲಿ ನಾಗಮಂಗಲದಿಂದ ಕಚ್ಚಿಕೊಂಡು ಬಂದ ಜಲ್ಲಿಯೆಲ್ಲ ರಾಗಿಯಲ್ಲಿ ಉದುರಿತ್ತು. ಬದಲಿಗೆ ಅರ್ಧ ಮೊರದಷ್ಟು ತೆನೆ ನನ್ನ ಟೈರಿನಲ್ಲಿ ಸಿಕ್ಕಿಕೊಂಡಿತ್ತು. ಹಾಸಿನ ನಡುವೆ ಉಳುಮೆ ಮಾಡಿದಂಥ ಎರಡು ಸಾಲು.

"ಬಸ್ಸು ನೋಡು, ಮಟ್ಟಸವಾಗಿ ತುಳ್ಕಂಡೋಯ್ತದೆ. ನಿಂದು ಅಗೀತದೆ. ತುಳಿಯಾದ್ಕೂ ಅಗಿಯಾದ್ಕೂ ವ್ಯತ್ಯಾಸ ಇಲ್ವಾ? ಓದಿರೋಳಂಗ್ ಕಾಣ್ತೀಯ" ಅಂದಳು ಪುಟ್ಟತಾಯಮ್ಮ, ಕುಡುಗೋಲಿನ ತುದಿಯಿಂದ ಹಲ್ಲಿನ ಸಂದಿಯ ತೆನೆ ಕೀಳುತ್ತ.

ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮುಕ್ಕಾಲು ಗಂಟೆ ಕಲ್ಲು ಆರಿಸಿದೆ. ಆರಿಸುತ್ತಿರುವಾಗಲೇ ತಲೆಗೆ ಹೊಳೆಯಿತು, ಮರಳೂ ಹೀಗೇ. ಅದರ ಮೇಲೆ ತುಳಿದು ಹೋಗಬೇಕು, ಅಗೆಯುತ್ತ ಹೋದರೆ ನನ್ನ ಗುಂಡಿ ನಾನೇ ತೋಡಿಕೊಂಡಂತೆ. ಕಲ್ಲು ಕೈಯಲ್ಲಿ ಹಿಡಿದುಕೊಂಡೇ ನಕ್ಕುಬಿಟ್ಟೆ. ಪುಟ್ಟತಾಯಮ್ಮ ನನ್ನನ್ನು ಅನುಮಾನದಿಂದ ನೋಡಿದಳು. ಪಾಂಡವಪುರ ನೋಡದೆ ಗಾಡಿ ತಿರುಗಿಸಿದೆ.

"ಬೇಗ್ ಬಂದ್ಬುಟ್ರಿ" ಅಂದರು ಸಾಬರು, ಮುಖದಲ್ಲಿ ನಗು ತೋರಿಸದೆ.

"ನೀವೇ ಆರಿಸಿ" ಅಂದೆ.

ಶ್ರೀರಂಗಪಟ್ಟಣದಲ್ಲಿ ಟೈರು ಮಾರುವ ಅವರ ತಂಗಿಯ ಮಗ ಶೋಯಬ್‌ನ ಮಳಿಗೆಗೆ ಇಬ್ಬರೂ ಹೋದೆವು. ಸಾಬರು ಕಂಪನಿಯ ಹೆಸರು ಓದಲಿಲ್ಲ. ಒಂದೊಂದು ಟೈರನ್ನೂ ನಿಲ್ಲಿಸಿ ಪಕ್ಕೆಗೆ ಮಂಡಿ ಕೊಟ್ಟು ಒತ್ತಿದರು. "ಮುಳ್ಳು, ಚೂಪು ಕಲ್ಲು ಒಡಿಯಾದು ಪಕ್ಕೆಗೇ. ಅಡಿಗಲ್ಲ. ಪಕ್ಕೆ ಗಟ್ಟಿ ಇರ್ಬೇಕು" ಅಂದರು. ಕೊನೆಗೆ ಅವರು ತಟ್ಟಿದ ಟೈರು ನೋಡಲು ಸಾಧಾರಣ. ಹಲ್ಲು ಅತಿಯೂ ಅಲ್ಲ, ನುಣುಪೂ ಅಲ್ಲ. ಅಗಲ ಕಡಿಮೆ, ಎತ್ತರ ಚೆನ್ನಾಗಿತ್ತು. ಓಡಲು ನಾಲ್ಕು, ಸ್ಟೆಪ್ನಿ ಎರಡು, ಒಟ್ಟು ಆರು. ಹೊಸ ರಬ್ಬರಿನ ವಾಸನೆ ತುಂಬಿದ ಗಾಡಿಯಲ್ಲಿ ನಾಗಮಂಗಲಕ್ಕೆ ವಾಪಸಾಗುವಾಗ ನಾನು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದೆ. ಇಷ್ಟು ಖುಷಿಯಾಗಿ ನಾನು ನನ್ನ ಮದುವೆಯ ರೇಷ್ಮೆ ಸೀರೆಯನ್ನೂ ತಂದಿರಲಿಲ್ಲ.

ಅಲ್ಲಿಂದ ದಿನಾ ಸ್ಕೂಲು ಬಿಟ್ಟ ಮೇಲೆ ಅಂಗಡಿಯ ಮುಂದೆ ಅಭ್ಯಾಸ. ಜಾಕು ಕೊಟ್ಟು ಚಕ್ರ ಬಿಚ್ಚಿ ಇನ್ನೊಂದು ಹಾಕಲು ಮೊದಲ ದಿನ ಮೂವತ್ತೈದು ನಿಮಿಷ ಹಿಡಿಯಿತು, ಹತ್ತನೇ ದಿನಕ್ಕೆ ಹನ್ನೆರಡು. ಇಫ್ಫತ್ ಗಡಿಯಾರ ಹಿಡಿದು ನಿಂತು, "ಮಿಸ್, ಇನ್ನೂ ಬೇಗ" ಅನ್ನುತ್ತಿದ್ದಳು. ಇಪ್ಪತ್ತು ವರ್ಷದ ಹಿಂದಿನ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು.

ಒಂದೇ ವಿಷಯಕ್ಕೆ ಸಾಬರಿಗೂ ನನಗೂ ಹೊಂದಲಿಲ್ಲ, ಗಾಳಿ. ಮರಳಿಗೆ ಇಳಿಯುವ ಮುಂಚೆ ಗಾಳಿ ಹದಿನೆಂಟು ಪೌಂಡಿಗೆ ಇಳಿಸಬೇಕು ಅಂತ ಪ್ರಜ್ಞ ಹೇಳಿದ್ದಳು. ಟೈರು ಸಡಿಲವಾದರೆ ಅಡಿ ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ನಿಲ್ಲುತ್ತದೆ. ಸಾಬರು ನಲವತ್ತು ವರ್ಷದಿಂದ ಕಬ್ಬಿನ ಲೋಡಿಗೆ ಗಾಳಿ ತುಂಬಿದವರು. ಅವರ ಕೈಯಲ್ಲಿ ಟೈರು ಅಂದರೆ ಕಲ್ಲು. ಕಬ್ಬಿಣದ ಸಲಾಕೆಯಿಂದ ತಟ್ಟಿ, ಠಣ್ ಅಂದರೆ ಮಾತ್ರ ಗಾಡಿ ಅಂಗಡಿ ಬಿಡಬೇಕು. "ಅದಿನೆಂಟು ಅಂದ್ರೆ ಸೈಕಲ್ಗೂ ಸಾಲದು. ತೌಬಾ" ಅಂದಿದ್ದರು. ಆದರೂ ಪರೀಕ್ಷೆಯ ಭಾನುವಾರ ಬಿಳಿ ಟೋಪಿ ಹಾಕಿಕೊಂಡು, ಕರೆಯದೆಯೇ ಬಂದು, ನನ್ನ ಪಕ್ಕದ ಸೀಟಿನಲ್ಲಿ ಕೂತರು.

ಸಂತೆಬಾಚಹಳ್ಳಿಯಲ್ಲಿ ತಟ್ಟೆ ಇಡ್ಲಿ ತಿಂದು, ಅಕ್ಕಿಹೆಬ್ಬಾಳು ಮುಟ್ಟಿದಾಗ ಒಂಬತ್ತೂವರೆ. ನೀರು ಹಿಂದೆ ಸರಿದು ಮರಳು ಬಯಲಾಗಿ ಬಿದ್ದಿತ್ತು. ನಾಲ್ಕು ಜಿಪ್ಸಿಗಳು ಆಗಲೇ ನಿಂತಿದ್ದವು. ಮುಂದಿನ ಗಾಡಿಯ ಮೂತಿಯ ಮೇಲೆ ಹಗ್ಗ ಸುರುಳಿ ಸುತ್ತಿ ಇಟ್ಟಿತ್ತು. ಅದನ್ನು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಪ್ರಜ್ಞಳ ಮೀಟರು ಇಸಿದುಕೊಂಡು ನಾನೇ ನಾಲ್ಕೂ ಚಕ್ರದ ಗಾಳಿ ಬಿಟ್ಟೆ. ಹದಿನೆಂಟು, ಹದಿನೆಂಟು, ಹದಿನೆಂಟು, ಹದಿನೆಂಟು. ಸಾಬರು ಹೊಳೆಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದರು. "ಮೊದಲು ನಡೆದು ದಾರಿ ನೋಡೋಣ ಬನ್ನಿ" ಅಂತ ಪ್ರಜ್ಞ ನನ್ನನ್ನು ಕರೆದುಕೊಂಡು ಹೋದಳು. ಎಲ್ಲಿ ಮರಳು ಗಟ್ಟಿ, ಎಲ್ಲಿ ಹಿಟ್ಟಿನ ಹಾಗಿದೆ, ಎಲ್ಲಿ ತಿರುಗಬಾರದು ಅಂತ ತೋರಿಸುತ್ತ ಆಚೆ ದಡದವರೆಗೂ ನಡೆದೆವು. ವಾಪಸು ಬರಲು ಅರ್ಧ ಗಂಟೆಯಾಯಿತು. ಗಾಡಿಯ ಸುತ್ತ ಊರಿನ ಹತ್ತು ಹನ್ನೆರಡು ಜನ ಸೇರಿದ್ದರು, ಒಂದು ಟ್ರಾಕ್ಟರೂ ಬಂದು ನಿಂತಿತ್ತು. ನಾನು ಟೈರನ್ನು ಇನ್ನೊಮ್ಮೆ ನೋಡಬೇಕಿತ್ತು. ನೋಡಲಿಲ್ಲ. ನೋಡಿಬಂದ ದಾರಿ ಮರೆಯುವ ಮುಂಚೆ ಅಂತ ಕೀಲಿ ತಿರುಗಿಸಿ ಹೊರಟೇಬಿಟ್ಟೆ.

ಆಹಾ, ಮೊದಲ ನೂರು ಅಡಿ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವುದು ಸೀಟಿನ ಅಡಿಯಲ್ಲೇ ಗೊತ್ತಾಗುತ್ತಿತ್ತು. ಇನ್ನೇನು ನಡುಮಧ್ಯ, ಹಿಟ್ಟಿನಂಥ ಮರಳು ಬಂತು. ಗಾಡಿ ಒಮ್ಮೆ ಮುಗ್ಗರಿಸಿತು. ಒತ್ತಿದೆ. ಆಕ್ಸಿಲರೇಟರ್ ಇನ್ನೂ ಒತ್ತಿದೆ. ಹಿಂದಿನ ಚಕ್ರ ಗಿರಗಿರನೆ ತಿರುಗಿ ಕುಸಿಯಿತು. ಇಳಿದು ನೋಡಿದರೆ ಗಾಡಿಯ ಹೊಟ್ಟೆಗೂ ಮರಳಿಗೂ ನಾಲ್ಕೇ ಬೆರಳು.

ದೂರದಿಂದ ಪ್ರಜ್ಞ ಹಗ್ಗ ಎತ್ತಿ ತೋರಿಸಿದಳು. "ಬೇಕಾ ಮೇಡಂ?"

"ಬೇಡ" ಅಂತ ಕೂಗಿದೆ. ಬೇಕು ಅಂದರೆ ಅಲ್ಲಿಗೆ ಮುಗಿಯಿತು.

ಟೈರಿಗೆ ಒದ್ದು ನೋಡಿದೆ. ಕಾಲು ನೊಂದಿತು. ಕಲ್ಲು. ಕಬ್ಬಿನ ಲೋಡಿನ ಕಲ್ಲು. ಅಷ್ಟರಲ್ಲಿ ಸಾಬರು ಮರಳಿನಲ್ಲಿ ಕಾಲೆಳೆದುಕೊಂಡು ಬಂದು ಮುಟ್ಟಿದರು. ಅವರ ಮುಖ ನೋಡಿದೊಡನೆ ತಿಳಿಯಿತು.

"ನೀವಾ?"

"ನಾನೇ ಕಣಮ್ಮ" ಅಂದರು. "ನೀವು ಅತ್ಲಾಗ್ ಓದ್ರಿ. ಈ ಜನ ಬಂದ್ರು. ಆ ಕುಳ್ಳಯ್ಯ ಅವ್ನೆ ನೋಡಿ ಟ್ರಾಕ್ಟರ್ನೋನು, 'ಏನ್ ಸಾಬ್ರೆ, ನಿಮ್ ಅಂಗಡಿ ಗಾಡಿನಾ? ನಾಕ್ರಲ್ಲೂ ಗಾಳಿ ಇಲ್ವಲ್ಲ' ಅಂದ. ಎಲ್ರೂ ನಕ್ರು. ನಲ್ವತ್ತು ವರ್ಸ ಟೀಚರಮ್ಮ. ಗಾಳಿ ಕಮ್ಮಿ ಆಕ್ದ ಅಂತ ಒಬ್ನೂ ಅಂದಿರ್ನಿಲ್ಲ. ಅವ್ನ ಟ್ರಾಕ್ಟರ್ನಾಗೇ ಗಾಳಿ ಮಿಷನ್ ಇತ್ತು. ತುಂಬ್ಬುಟ್ಟೆ."

ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಅಷ್ಟು ಅಂದಿರಲಿಲ್ಲ. ನಿಮ್ಮ ಮರ್ಯಾದೆಗೆ ನನ್ನ ಮರುಭೂಮಿ ಬಲಿ ಕೊಟ್ಟಿರಿ ಅಂದೆ. ಅರವತ್ತೈದರ ಮನುಷ್ಯ, ಟೋಪಿ ತೆಗೆದು ಜೇಬಿಗಿಟ್ಟುಕೊಂಡು, ಊರವರೆಲ್ಲ ನೋಡುತ್ತಿರುವಾಗ ಮರಳಲ್ಲಿ ಮಂಡಿಯೂರಿ ಹಿಂದಿನ ಚಕ್ರದ ವಾಲ್ವಿಗೆ ಕೈ ಹಾಕಿದರು. ನಾನು ಬೈಗುಳ ಬಿಟ್ಟು, ಪ್ರಜ್ಞಳ ಮೀಟರು ತೆಗೆದುಕೊಂಡು ಅವರ ಪಕ್ಕ ಕೂತೆ.

ಗಾಳಿ ಸುಸ್ಸೆಂದು ಹೊರಟಿತು. ದಡದಿಂದ ಕುಳ್ಳಯ್ಯ ಕೂಗಿದ, "ಏಯ್ ಸಾಬ್ರೆ, ತುಂಬಿದ್ನೆಲ್ಲ ಬುಡ್ತಾ ಇದ್ದೀರಲ್ಲಾ." ಸಾಬರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಮೀಟರು ಹಿಡಿದು ನೋಡಿದೆ, ಇಪ್ಪತ್ತೆಂಟು.

"ಇನ್ನೂ" ಅಂದೆ.

"ಕೈ ತಾನಾಗೇ ನಿಲ್ತದೆ ಕಣಮ್ಮ. ನೀವ್ ಯೋಳ್ತಾ ಇರಿ."

"ಇಪ್ಪತ್ತನಾಲ್ಕು. ಇನ್ನೂ. ಇಪ್ಪತ್ತೊಂದು. ಇನ್ನೂ ಸಾಬರೇ."

"ಯಾ ಅಲ್ಲಾ."

"ಹದಿನೆಂಟು. ಸಾಕು."

ಅವರು ಅಂಗಡಿಯಿಂದ ತಂದಿದ್ದ ಸಲಾಕೆ ತೆಗೆದು ಟೈರಿಗೆ ಮೆಲ್ಲಗೆ ತಟ್ಟಿದರು. ಠಣ್ ಅನ್ನಲಿಲ್ಲ, ಹಲಸಿನ ಹಣ್ಣು ತಟ್ಟಿದ ಹಾಗೆ ದಬ್ ಅಂದಿತು. ಇನ್ನೊಮ್ಮೆ ತಟ್ಟಿ ಕಿವಿಗೊಟ್ಟು ಕೇಳಿದರು. "ಇದಾ ಅದಿನೆಂಟು" ಅಂದರು. ಮಿಕ್ಕ ಮೂರು ಚಕ್ರಕ್ಕೆ ನನ್ನ ಮೀಟರು ಕೇಳಲಿಲ್ಲ. ತಟ್ಟುತ್ತ, ಬಿಡುತ್ತ, ದಬ್ ಎಂಬಲ್ಲಿಗೆ ತಾವೇ ನಿಲ್ಲಿಸಿದರು. ನಾನು ಅಳೆದು ನೋಡಿದರೆ ಎಲ್ಲವೂ ಸರಿಯಾಗಿ ಹದಿನೆಂಟು.

ಚಕ್ರದ ಮುಂದಿನ ಮರಳನ್ನು ಇಬ್ಬರೂ ಕೈಯಲ್ಲೇ ಬಾಚಿ ತೆಗೆದೆವು. ಬಳೆಯೊಳಗೆಲ್ಲ ಮರಳು. ಗಾಡಿ ಹತ್ತಿ ಮೊದಲು ಬಂದ ದಾರಿಯಲ್ಲೇ ಮೂರು ಅಡಿ ಹಿಂದಕ್ಕೆ ಬಿಟ್ಟೆ. ಟೈರು ತಟ್ಟಿದ ರೊಟ್ಟಿಯ ಹಾಗೆ ಹರಡಿಕೊಂಡಿತ್ತು. ಅಗೆಯಬಾರದು, ತುಳಿದು ಹೋಗಬೇಕು ಅಂದುಕೊಂಡು ಆಕ್ಸಿಲರೇಟರ್ ಮೇಲೆ ಕಾಲನ್ನು ಮೊಟ್ಟೆಯ ಮೇಲಿಟ್ಟಂತೆ ಇಟ್ಟೆ. ಜಿಪ್ಸಿ ಒಂದು ಸಲ ಯೋಚನೆ ಮಾಡಿತು. ಆಮೇಲೆ ಎದ್ದಿತು.

ಎದ್ದು ಹೊರಟೇಹೋಯಿತು. ನಿಲ್ಲಿಸಲಿಲ್ಲ, ಹಿಂದೆ ನೋಡಲಿಲ್ಲ. ಹಿಟ್ಟಿನ ಮರಳು ದಾಟಿತು, ದಿಣ್ಣೆ ಹತ್ತಿತು, ಮೂತಿ ಆಕಾಶ ನೋಡಿ ಮತ್ತೆ ಕೆಳಗಿಳಿಯಿತು. ನಾನು ಜೋರಾಗಿ ಏನೋ ಕೂಗುತ್ತಿದ್ದೆ, ಏನೆಂದು ನನಗೇ ಗೊತ್ತಿಲ್ಲ. ಆಚೆ ದಡ ಮುಟ್ಟಿ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲಿದ್ದ ನನ್ನ ಕೈ ನೋಡಿಕೊಂಡೆ. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು ಅನ್ನಿಸಿ ನಗು ಬಂತು.

ಮಿಕ್ಕ ನಾಲ್ಕು ಗಾಡಿಗಳೂ ಮರಳು ದಾಟಿ ಬಂದು ಸಾಲಾಗಿ ನಿಂತವು. ಸಾಬರು ಕುಳ್ಳಯ್ಯನ ಟ್ರಾಕ್ಟರಿನಲ್ಲಿ ಬಂದಿಳಿದರು. ಪ್ರಜ್ಞ ಪುಸ್ತಕ ತೆಗೆದು ಬರೆದುಕೊಂಡು, "ಜಾಗ ನಿಮ್ಮದು ಮೇಡಂ. ಐದನೇ ಗಾಡಿ. ಸಾಲಿನ ಕೊನೆಗೆ" ಅಂದಳು.

ಕೊನೆಗೆ ಅಂದದ್ದು ನನಗೆ ಚುಚ್ಚಿತು. "ಹೂತುಕೊಂಡೆ ಅಂತ ಕೊನೇ ಬೆಂಚಾ?" ಅಂದೆ.

"ಅಲ್ಲ" ಅಂದಳು. "ಇವತ್ತು ಈ ನಾಲ್ವರು ಹೂತುಕೊಳ್ಳಲಿಲ್ಲ. ಹೂತುಕೊಂಡು, ಹಗ್ಗ ಬೇಡ ಅಂದು, ತಾನಾಗಿ ಎದ್ದು ಬಂದವರು ನೀವೊಬ್ಬರೇ. ಮುಂದೆ ಯಾರು ನಿಂತರೂ ಮೊದಲು ಹೋಗಿ ಎಬ್ಬಿಸಬೇಕಾದದ್ದು ಕೊನೇ ಗಾಡಿ. ಅದು ಹೂತರೆ ಮಾತ್ರ ಹಿಂದೆ ಯಾರೂ ಇರಲ್ಲ, ತಾನೇ ಏಳಬೇಕು. ಆಗುತ್ತಾ?"

ಇಪ್ಪತ್ತಾರು ವರ್ಷದಿಂದ ಕೊನೇ ಬೆಂಚಿನವರನ್ನು ಗದರಿಸಿ ಮುಂದಕ್ಕೆ ಕರೆದು ಕೂರಿಸಿದವಳು ನಾನು. ಅಲ್ಲಿ ಕೂತವರಿಗೆ ಇಡೀ ತರಗತಿಯೇ ಕಾಣುತ್ತದೆ ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ. ಸಾಬರ ಕಡೆ ನೋಡಿದೆ. ಅವರು ನನ್ನ ಉತ್ತರಕ್ಕಾಗಿ ನನಗಿಂತ ಹೆಚ್ಚು ಉಸಿರು ಬಿಗಿಹಿಡಿದು ನಿಂತಿದ್ದರು.

"ಆಗುತ್ತೆ" ಅಂದೆ.